ಭಟ್ಟಿಗೆ ಕೊಡುವುದು

ಅಜ್ಜಿಯ ನಾನಕಟಾಯಿ ಚೀಟಿ ಈಗ ನನ್ನ ಹತ್ತಿರ ಇದೆ. ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದದ್ದು. ಮೈದಾ ಒಂದು ಸೇರು, ಪುಡಿಸಕ್ಕರೆ ಮುಕ್ಕಾಲು ಸೇರು, ಡಾಲ್ಡಾ ಮುಕ್ಕಾಲು ಸೇರು, ಕಡಲೆಹಿಟ್ಟು ಒಂದು ಹಿಡಿ, ಸಣ್ಣ ರವೆ ಅರ್ಧ ಹಿಡಿ, ಮೊಸರು ಒಂದು ಚಮಚೆ, ಚಿಟಿಕೆ ಸೋಡಾ, ಯಾಲಕ್ಕಿ, ಜಾಜಿಕಾಯಿ, ಮೇಲೆ ಚಾರೋಳಿ. ಅಂಗಡಿಗೆ ಕಿಲೋ ಬಂದು ವರ್ಷಗಳಾಗಿದ್ದರೂ ಅಜ್ಜಿ ಸೇರು ಬಿಟ್ಟಿರಲಿಲ್ಲ. ಕೊನೆಯ ಸಾಲಿನಲ್ಲಿ ಎರಡೇ ಮಾತು: ‘ಭಟ್ಟಿಗೆ ಕೊಡುವುದು’. ಎಷ್ಟು ಉರಿ, ಎಷ್ಟು ಹೊತ್ತು, ಒಂದಕ್ಷರವಿಲ್ಲ.

ಧಾರವಾಡದ ಹೆಸರು ಹೇಳಿದರೆ ಜನ ಪೇಢೆ ಎನ್ನುತ್ತಾರೆ. ಅದಕ್ಕೆ ಭೌಗೋಳಿಕ ಸೂಚಿಯ ಮಾನವೂ ಇದೆ, ಬೇಡವೆನ್ನುವುದಿಲ್ಲ. ಆದರೆ ಪೇಢೆ ನಮ್ಮ ಮನೆಗೆ ಬರುತ್ತಿದ್ದದ್ದು ಮತ್ತೊಬ್ಬರ ಮನೆಗೆ ಹೋಗಲಿಕ್ಕೆ. ಲೈನ್ ಬಜಾರಿನಲ್ಲಿ ಪಾಳಿ ನಿಂತು ತಂದು, ದಾರ ಬಿಚ್ಚದೆ ಬೀಗರಿಗೆ ಕಳಿಸುವ ವಸ್ತು ಅದು. ನಾವು ತಿಂದು ಬೆಳೆದದ್ದು ನಾನಕಟಾಯಿ. 1956ರ ತನಕ ಧಾರವಾಡ ಮುಂಬಯಿಯ ಕಡೆ ಇತ್ತಲ್ಲ, ಪಾವು, ಖಾರಿ, ಟೋಸ್ಟುಗಳ ಜೊತೆ ಇದೂ ಆ ದಿಕ್ಕಿನಿಂದಲೇ ಬಂದಿರಬೇಕು. ನಾನಕಟಾಯಿಯ ತವರು ಸೂರತ್, ಡಚ್ಚರ ಬೇಕರಿಯಿಂದ ಹುಟ್ಟಿತು ಎಂದು ತಿಳಿದವರು ಹೇಳುತ್ತಾರೆ. ಅಜ್ಜಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ. ಆಕೆಯ ಲೆಕ್ಕದಲ್ಲಿ ಅದು ಕಾಮನಕಟ್ಟಿಯಲ್ಲಿ, ನಮ್ಮ ಪಡಸಾಲೆಯಲ್ಲಿ ಹುಟ್ಟಿದ್ದು.

ದೀಪಾವಳಿಯ ಫರಾಳಕ್ಕೆ ಚಕ್ಕಲಿ, ಶೇವು, ಶಂಕರಪೋಳಿ, ಉಂಡಿ ಎಲ್ಲ ಮನೆಯ ಒಲೆಯ ಮೇಲೆ ಆಗುತ್ತಿದ್ದವು. ನಾನಕಟಾಯಿಗೆ ಮಾತ್ರ ಒಲೆ ಸಾಲದು. ಹಿತ್ತಾಳೆ ಪರಾತದಲ್ಲಿ ಡಾಲ್ಡಾ, ಸಕ್ಕರೆ ಹಾಕಿ ಅಂಗೈಯಿಂದ ತಿಕ್ಕುವುದು ನನ್ನ ಕೆಲಸ. ಹಳದಿ ಡಬ್ಬಿ, ಮೇಲೊಂದು ತಾಳೆಮರ. ಅದರಿಂದ ತೆಗೆದ ಹರಳು ಹರಳಾದ ಡಾಲ್ಡಾ ತಿಕ್ಕುತ್ತ ತಿಕ್ಕುತ್ತ ಬೆಳ್ಳಗಾಗಿ, ಹಗುರಾಗಿ, ಬೆಣ್ಣೆಯ ಹಾಗೆ ಬೆರಳಿಗೆ ಹತ್ತಬೇಕು. ಒಂದು ಚೂರು ತೆಗೆದು ನೀರಿಗೆ ಬಿಟ್ಟರೆ ತೇಲಬೇಕು. ಮುಳುಗಿದರೆ ಅಜ್ಜಿ ಮಾತಾಡದೆ ಪರಾತ ಮತ್ತೆ ನನ್ನ ಕಡೆ ಸರಿಸುತ್ತಿದ್ದಳು. ಒಳಗೆ ಸೇರಿದ ಗಾಳಿಯೇ ಮುಂದೆ ಭಟ್ಟಿಯಲ್ಲಿ ಹಿಗ್ಗಿ ನಾನಕಟಾಯಿಯ ನೆತ್ತಿ ಬಿರಿಸುವುದು ಎಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಆಗ ತಿಳಿದಿದ್ದು ರಟ್ಟೆ ನೋವು ಒಂದೇ.

ಉಂಡೆ ಮಾಡಿ, ತುಸು ಒತ್ತಿ, ತಗಡಿನ ಮೇಲೆ ಸಾಲಾಗಿ ಇಟ್ಟು, ಮೇಲೆ ತೊಯ್ಯಿಸಿ ಹಿಂಡಿದ ಪಂಚೆ ಮುಚ್ಚಿ ಹೊರಡುತ್ತಿದ್ದೆವು. ತಗಡು ನಮ್ಮದೇ. ಬೇಕರಿಯವರ ತಗಡಿನಲ್ಲಿ ತತ್ತಿಯ ಪಫ್ಸೂ ಬೆಂದಿರುತ್ತದೆ ಎಂಬುದು ಅಜ್ಜಿಯ ಕಾಳಜಿ. ‘ಹಂಗಾರ ಭಟ್ಟಿ ಅದ ಅಲ್ಲೇನಬೇ?’ ಎಂದು ಅಪ್ಪ ಕಾಡಿಸಿದರೆ, ‘ಬೆಂಕಿಗೆ ಎಲ್ಲೀ ಮೈಲಿಗೋ, ಹುಚ್ಚಪ್ಪ’ ಎಂದು ಆಕೆ ತೀರ್ಪು ಕೊಟ್ಟಾಗಿತ್ತು. ಆ ತೀರ್ಪಿನ ಮೇಲೆ ನಮ್ಮ ದೀಪಾವಳಿ ನಡೆದಿತ್ತು.

ಭಟ್ಟಿ ಇದ್ದದ್ದು ಸುಭಾಸ ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ. ಅಂಗಡಿಯ ಮುಂಭಾಗದಲ್ಲಿ ಬನ್ನು, ಬ್ರೆಡ್ಡುಗಳ ಗಾಜಿನ ಕಪಾಟು. ಹಿಂದೆ ಗವಿಯಂಥ ಕತ್ತಲೆ, ಅದರೊಳಗೆ ಇಟ್ಟಿಗೆಯ ಕಮಾನಿನ ಭಟ್ಟಿ. ನಸುಕಿನಲ್ಲೇ ಒಳಗೆ ಕಟ್ಟಿಗೆ ಉರಿಸಿ, ಕೆಂಡ ಎಳೆದು, ಉದ್ದ ಕೋಲಿಗೆ ಸುತ್ತಿದ ಒದ್ದೆ ಗೋಣಿಯಿಂದ ನೆಲ ಒರೆಸಿ, ಬಾಗಿಲು ಮುಚ್ಚುತ್ತಿದ್ದರು. ಮುಂದಿನದೆಲ್ಲ ಇಟ್ಟಿಗೆ ಹಿಡಿದಿಟ್ಟ ಕಾವಿನ ಕೆಲಸ. ಮೊದಲ ಜೋರು ಕಾವಿಗೆ ಬ್ರೆಡ್ಡು, ಅದು ಇಳಿದ ಮೇಲೆ ಬನ್ನು. ಕಾವು ಮತ್ತೂ ಇಳಿದ ಮೇಲೆ ನಾನಕಟಾಯಿ. ಕೊನೆಗೆ ಉಳಿದ ಬೆಚ್ಚನೆಯಲ್ಲಿ ಟೋಸ್ಟು ರಾತ್ರಿಯಿಡೀ ಒಣಗುತ್ತ ಬಿದ್ದಿರುತ್ತಿತ್ತು. ಭಟ್ಟಿ ಕಾಕಾನ ಹತ್ತಿರ ಥರ್ಮಾಮೀಟರು ಇರಲಿಲ್ಲ. ಬರಿಗೈ ಭಟ್ಟಿಯ ಬಾಯೊಳಗೆ ಚಾಚಿ ಏಕ್, ದೋ ಎಂದು ಎಣಿಸುತ್ತಿದ್ದ. ಬೇಗ ಕೈ ಎಳೆದುಕೊಂಡರೆ ನಮಗೆ, ‘ಕೂಡ್ರಿ ಇನ್ನಾ, ಬ್ರೆಡ್ಡಿನ ಕಾವೈತಿ’ ಎನ್ನುತ್ತಿದ್ದ. ಹದಿನೈದು ದಾಟಿದರೆ ತಗಡು ಒಳಗೆ.

ಕಾಯುವ ಆ ಹೊತ್ತು ಇಡೀ ಓಣಿಗೆ ಒಂದು ವಾಸನೆ. ಮೊದಲು ಕಣ್ಣಲ್ಲಿ ನೀರು ತರಿಸುವ ಘಾಟು. ಬಿಸ್ಕೀಟಿಗೆ ಹಾಕುವ ಅಮೋನಿಯಾ ಕಾವಿಗೆ ಆವಿಯಾಗಿ ಹಾರುವಾಗಿನದು. ತೆಳ್ಳಗಿನ ಒಣ ತಿನಿಸಿಗೆ ಅದು ಸರಿ, ಪೂರ್ತಿ ಹಾರಿಹೋಗುತ್ತದೆ. ದಪ್ಪ ಕೇಕಿಗೆ ಹಾಕಿದರೆ ಒಳಗೇ ಸಿಕ್ಕಿಕೊಂಡು ನಾರುತ್ತದೆ. ನಮ್ಮ ಚೀಟಿಯಲ್ಲಿ ಅಮೋನಿಯಾ ಇಲ್ಲ. ಆದರೆ ನಮ್ಮ ತಗಡಿನ ಹಿಟ್ಟು ಸಡಿಲ ಕಂಡ ವರ್ಷ ಕಾಕಾ ಚಿಟಿಕೆ ಬೆರೆಸಿ ಮತ್ತೆ ನಾದಿ ಉಂಡೆ ಕಟ್ಟಿಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ಹೇಳಲಿಲ್ಲ. ಅಜ್ಜಿ ಆ ವರ್ಷದ ನಾನಕಟಾಯಿ ತಿಂದು, ‘ಈ ಸಲ ನನ್ನ ಕೈ ಹದ ಹತ್ತೇತಿ ನೋಡು’ ಎಂದಳು.

ಹಬ್ಬದ ಮುಂದೆ ಹತ್ತಾರು ಮನೆಯ ತಗಡುಗಳು ಒಟ್ಟಿಗೇ ಒಳಗೆ ಹೋಗುತ್ತಿದ್ದವು. ಅದಕ್ಕೇ ಪ್ರತಿ ಮನೆಗೂ ಒಂದು ಗುರುತು. ನಮ್ಮದು ಚಾರೋಳಿ, ಮೂರೇ ಕಾಳು. ಎದುರು ಮನೆಯವರದು ಬದಾಮಿಯ ಚೂರು. ಏನೂ ಅನುಕೂಲವಿಲ್ಲದವರು ಕೀಲಿಯ ತಲೆ ಒತ್ತುತ್ತಿದ್ದರು. ಬೆಂದ ಮೇಲೆ ಆ ಉಂಗುರ ಬಹಳ ಚಂದ ಕಾಣುತ್ತಿತ್ತು. ನನಗಂತೂ ಬದಾಮಿಗಿಂತ ಅದೇ ಹೆಚ್ಚು ಸೇರುತ್ತಿತ್ತು.

1973ರಲ್ಲಿ ದೀಪಾವಳಿಯೂ ರಮಜಾನ್ ಈದೂ ಒಂದೇ ವಾರ ಬಂದವು, ಅಕ್ಟೋಬರ್ ಕೊನೆಯಲ್ಲಿ. ಓಣಿಯ ತುಂಬ ತಗಡು. ಅದೇ ವರ್ಷ ಯಾರದೋ ತಗಡು ನಮಗೆ ಬಂತು, ನಮ್ಮದು ಯಾರಿಗೋ ಹೋಯಿತು. ಮನೆಗೆ ಬಂದು ಪಂಚೆ ತೆಗೆದರೆ ಚಾರೋಳಿ ಇಲ್ಲ, ಕೀಲಿಯ ಉಂಗುರ! ತಂದವ ನಾನು. ಅಜ್ಜಿ ಒಂದು ಮುರಿದು ಮೂಸಿದಳು, ತತ್ತಿಯ ವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಾಯಿಗೆ ಹಾಕಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೋಂಪು ಹಾಕ್ಯಾರ’ ಎಂದಳು. ಮರಳಿ ಕೊಡುವ ಮಾತು ಬರಲಿಲ್ಲ. ನವೆಂಬರ್ 1ರಂದು ಮೈಸೂರು ರಾಜ್ಯ ‘ಕರ್ನಾಟಕ’ವಾದಾಗ ಅಪ್ಪ ಓಣಿಯಲ್ಲಿ ಹಂಚಿದ್ದು ಅದೇ ಡಬ್ಬಿಯ ನಾನಕಟಾಯಿ. ಮುಂದಿನ ವರ್ಷದಿಂದ ನಮ್ಮ ಹಿಟ್ಟಿಗೂ ಸೋಂಪು ಬಿತ್ತು. ಚೀಟಿಯಲ್ಲಿ ಜಾಜಿಕಾಯಿಯ ಪಕ್ಕ ಬೇರೆ ಪೆನ್ಸಿಲಿನಲ್ಲಿ ಒತ್ತಿ ಬರೆದ ‘ಬಡೇಸೋಪು’ ಇರುವುದು ಅದಕ್ಕೇ. ನಮ್ಮ ಮನೆತನದ ಗುಟ್ಟು ಎಂದು ಅತ್ತೆಯಂದಿರು ಇವತ್ತಿಗೂ ಹೇಳಿಕೊಳ್ಳುವುದು ಈ ಸೋಂಪಿನ ಬಗ್ಗೆ. ನಾನು ತಿದ್ದಲು ಹೋಗುವುದಿಲ್ಲ.

ಈಗ ಬೆಂಗಳೂರಿನ ಮನೆಯಲ್ಲಿ ಕರೆಂಟಿನ ಪುಟ್ಟ ಓವನ್ ಇದೆ. 180 ಡಿಗ್ರಿಗೆ ತಿರುವಿ ಎಷ್ಟು ಸಲ ಮಾಡಿದೆನೋ. ಒಮ್ಮೆ ಹರಡಿ ಚಪಾತಿಯಾದವು, ಒಮ್ಮೆ ಅಡಿ ಕರಕಾಗಿ ನೆತ್ತಿ ಬಿಳಿಚಿಕೊಂಡವು. ಸರಳು ಒಮ್ಮೆ ಕೆಂಪಗಾಗುತ್ತದೆ, ಒಮ್ಮೆ ಆರುತ್ತದೆ. ಮೆಲ್ಲಗೆ ಇಳಿಯುವ ಕಾವು ಅದಕ್ಕೆ ಬರುವುದಿಲ್ಲ. ಡಾಲ್ಡಾ ಕೂಡ ಹಳೆಯದಲ್ಲ. 2022ರಿಂದ ಟ್ರಾನ್ಸ್ ಕೊಬ್ಬು ನೂರಕ್ಕೆ 2ಕ್ಕಿಂತ ಹೆಚ್ಚಿರುವಂತಿಲ್ಲ. ಹೃದಯಕ್ಕೆ ಒಳ್ಳೆಯದೇ ಆಯಿತು, ನಾಲಿಗೆಯ ತಕರಾರು ಬೇರೆ. ತುಪ್ಪ ಹಾಕಿ ಮಾಡಿದೆ, ರುಚಿಯಾಗಿತ್ತು. ಆದರೆ ಅದು ತುಪ್ಪದ ರುಚಿ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಆ ಓಣಿಗೂ ಹೋಗಿದ್ದೆ. ಭಟ್ಟಿ ಇದ್ದಲ್ಲಿ ಮೊಬೈಲ್ ಅಂಗಡಿ. ಹಿಂದಿನ ಗೋಡೆಗೆ ಬಣ್ಣ ಬಳಿದಿದ್ದಾರೆ, ಕಮಾನಿನ ಮೇಲ್ಭಾಗದ ಮಸಿ ಮಾತ್ರ ಬಣ್ಣದಡಿಯಿಂದ ಕಂದಾಗಿ ಕಾಣುತ್ತದೆ. ಇನ್ನೊಂದು ಓಣಿಯಲ್ಲಿ ಕಟ್ಟಿಗೆ ಉರಿಸುವವರು ಒಬ್ಬರು ಸಿಕ್ಕರು. ‘ನಮ್ಮ ಹಿಟ್ಟು ಬೇಯಿಸಿ ಕೊಡ್ತೀರೇನ್ರಿ?’ ಎಂದೆ. ಹುಡುಗ ಫೋನಿನಿಂದ ತಲೆ ಎತ್ತದೆ, ‘ಬ್ರೆಡ್ಡು ಇಳದ ಮ್ಯಾಲೆ ಬರ್ರಿ, ನಾಕಕ್ಕ’ ಎಂದ.

ನಾಲ್ಕಕ್ಕೆ ಹೋದೆ. ನನ್ನ ಮುಂದೆ ಇಬ್ಬರ ತಗಡುಗಳಿದ್ದವು, ಒಂದರ ಮೇಲೆ ಕೀಲಿಯ ಉಂಗುರಗಳು. ನಿಮ್ಮೂರಲ್ಲಿ ಇಂಥ ಭಟ್ಟಿ ಇನ್ನೂ ಉರಿಯುತ್ತಿದ್ದರೆ ಈ ಹಬ್ಬಕ್ಕೆ ಹಿಟ್ಟು ಕಲಸಿಕೊಂಡು ಹೋಗಿ. ಬ್ರೆಡ್ಡು ಇಳಿಯುವ ತನಕ ಕಾಯಿರಿ, ಗುರುತು ಹಾಕುವುದು ಮರೆಯಬೇಡಿ.