ಯಾರೂ ವಿವರಿಸದ ನೂರೆರಡು ನಿಮಿಷ

ನಮ್ಮ ಮನೆಗಳಲ್ಲಿ ಟೀವಿ ಸುಮ್ಮನಿರುವುದು ಕರೆಂಟು ಹೋದಾಗ ಮಾತ್ರ. ಕ್ರಿಕೆಟ್ ಇರಲಿ, ದಸರಾ ಮೆರವಣಿಗೆ ಇರಲಿ, ಎಲ್ಲೋ ಬಸ್ಸು ಹಳ್ಳಕ್ಕೆ ಬಿದ್ದಿರಲಿ, ಚಿತ್ರದ ಜೊತೆಗೆ ಒಂದು ದನಿ ಇದ್ದೇ ಇರುತ್ತದೆ. ಚೆಂಡು ಬೌಂಡರಿ ದಾಟಿದ್ದು ನಮ್ಮ ಕಣ್ಣಿಗೇ ಕಂಡರೂ, ದಾಟಿತು ಎಂದು ಇನ್ನೊಬ್ಬರು ಹೇಳಿದಾಗಲೇ ನಮಗೆ ಸಮಾಧಾನ. ಇದರಲ್ಲಿ ತಪ್ಪೇನಿದೆ ಎಂದು ನಾನೂ ಬಹಳ ಕಾಲ ಅಂದುಕೊಂಡಿದ್ದೆ. ಪದವಿಪೂರ್ವ ಕಾಲೇಜುಗಳಲ್ಲಿ ಇತಿಹಾಸ ಪಾಠ ಮಾಡಿ ಅನ್ನ ತಿಂದವನು ನಾನು. ವಿವರಿಸುವುದೇ ನನ್ನ ಕಸುಬು. ಆ ಕಸುಬಿನ ಮೇಲೆ ನನಗೇ ಅನುಮಾನ ಬರುವಂತೆ ಮಾಡಿದ್ದು ಒಂದು ಸಾಕ್ಷ್ಯಚಿತ್ರ, ಮತ್ತು ಅದನ್ನು ನನ್ನೊಂದಿಗೆ ಕೂತು ನೋಡಿದ ನಾಲ್ಕು ಊರಿನ ಜನ.

ತಂಗಿಯ ಮಗ ಅಮೆರಿಕದಿಂದ ಬರುವಾಗ ತಂದುಕೊಟ್ಟ ಡಿವಿಡಿ ಅದು. 'ಅಮೆರಿಕವನ್ನು ಬದಲಿಸಿದ 102 ನಿಮಿಷಗಳು' ಎಂಬ ಅರ್ಥದ ಹೆಸರು. ಹಿಸ್ಟರಿ ಚಾನೆಲ್ ಇದನ್ನು ಮೊದಲು ಪ್ರಸಾರ ಮಾಡಿದ್ದು 2008ರ ಸೆಪ್ಟೆಂಬರ್ 11ರಂದು. ವಿಷಯ ಎಲ್ಲರಿಗೂ ಗೊತ್ತಿರುವುದೇ. 2001ರ ಸೆಪ್ಟೆಂಬರ್ 11, ಮಂಗಳವಾರ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ನ್ಯೂಯಾರ್ಕಿನ ವಿಶ್ವ ವ್ಯಾಪಾರ ಕೇಂದ್ರದ ಉತ್ತರದ ಗೋಪುರಕ್ಕೆ ವಿಮಾನ ಅಪ್ಪಳಿಸಿತು. 9 ಗಂಟೆ 3 ನಿಮಿಷಕ್ಕೆ ದಕ್ಷಿಣದ ಗೋಪುರಕ್ಕೆ ಇನ್ನೊಂದು. 9.59ಕ್ಕೆ ದಕ್ಷಿಣದ್ದು ಕುಸಿಯಿತು, 10.28ಕ್ಕೆ ಉತ್ತರದ್ದು. ಮೊದಲ ಏಟಿಗೂ ಕೊನೆಯ ಕುಸಿತಕ್ಕೂ ನಡುವೆ 102 ನಿಮಿಷ. ಚಿತ್ರವೂ ಹೆಚ್ಚು ಕಡಿಮೆ ಅಷ್ಟೇ ಹೊತ್ತಿನದು.

ಈ ಚಿತ್ರದಲ್ಲಿ ನಿರೂಪಕನಿಲ್ಲ. ತಜ್ಞರಿಲ್ಲ, ಸಂದರ್ಶನವಿಲ್ಲ. ಆ ದಿನ ಬೀದಿಯಲ್ಲಿ, ಕಿಟಕಿಯಲ್ಲಿ, ಮಹಡಿಯ ಮೇಲೆ ನಿಂತಿದ್ದ ಜನಸಾಮಾನ್ಯರೂ ಸುದ್ದಿಗಾರರೂ ತೆಗೆದ ತುಣುಕುಗಳನ್ನು ಗಡಿಯಾರದ ಕ್ರಮದಲ್ಲಿ ಜೋಡಿಸಿದ್ದಾರೆ, ಅಷ್ಟೆ. ಕೇಳಿಸುವುದು ಆ ಕ್ಯಾಮೆರಾಗಳಿಗೆ ಅವತ್ತು ಕೇಳಿಸಿದ್ದು: ಸೈರನ್ನು, ಓಡುವ ಹೆಜ್ಜೆ, ಕೂಗು, ಅಲ್ಲಲ್ಲಿ ಏದುಸಿರು. ತಮ್ಮ ಕೋಣೆಯ ಕಿಟಕಿಯಿಂದ ಚಿತ್ರ ತೆಗೆಯುತ್ತಿದ್ದ ವಿದ್ಯಾರ್ಥಿನಿಯರು ಎರಡನೆಯ ವಿಮಾನ ಬಡಿದಾಗ ಚೀರುವುದನ್ನು ಕೇಳಿದರೆ, ನೋಡುವವರ ಕೈಯೂ ತಣ್ಣಗಾಗುತ್ತದೆ.

ನಾನು ಇದನ್ನು ಮೊದಲು ವಿದ್ಯಾರ್ಥಿಗಳಿಗೆ ತೋರಿಸಿದ್ದು 2009ರಲ್ಲಿ, ಚನ್ನಗಿರಿಯಲ್ಲಿ. ಎದುರಿಗೆ ಅಡಿಕೆ ತೋಟಗಳ ಕಡೆಯಿಂದ, ಸೂಳೆಕೆರೆಯ ಸುತ್ತಲ ಹಳ್ಳಿಗಳಿಂದ ಬರುವ ಮಕ್ಕಳು. ಇಂಗ್ಲಿಷ್ ಅಷ್ಟಕ್ಕಷ್ಟೆ. ಇವರಿಗೆ ಏನು ತಿಳಿದೀತು ಎಂಬ ಕಾಳಜಿಯಿಂದ, ಚಿತ್ರ ಶುರುವಾದ ಕೂಡಲೇ ನಾನೂ ಶುರು ಮಾಡಿದೆ. 'ಈಗ ನೋಡಿ, ಎರಡನೇ ವಿಮಾನ ಬರುತ್ತೆ. ಇವರು ಅಗ್ನಿಶಾಮಕದವರು. ಇದು ಬೀಳೋದು ಇನ್ನು ಹತ್ತು ನಿಮಿಷಕ್ಕೆ.' ಮುಗಿದ ಮೇಲೆ ಎಲ್ಲರಿಗೂ ಒಂದು ಪುಟ ಬರೆಯಲು ಹೇಳಿದೆ. ಸಂಜೆ ಮನೆಯಲ್ಲಿ ಓದಲು ಕೂತರೆ, ಅಷ್ಟೂ ಹಾಳೆಗಳಲ್ಲಿ ನನ್ನದೇ ವಾಕ್ಯಗಳು. ನಾನು ಮಾಡಿದ ಒಂದು ತಪ್ಪು ಉಚ್ಚಾರಣೆಯೂ ಅಕ್ಷರದಲ್ಲಿ ಹಾಗೇ ಇಳಿದಿತ್ತು! ಮಾರನೆಯ ದಿನ ಒಬ್ಬ ಹುಡುಗಿಯನ್ನು ಕೇಳಿದೆ, 'ನಿನಗೆ ಏನು ನೆನಪಿದೆಯಮ್ಮ?' ಅವಳು ಸಂಕೋಚದಿಂದಲೇ ಹೇಳಿದಳು, 'ನೀವು ಹೇಳಿದ್ದೆಲ್ಲ ನೆನಪಿದೆ ಸಾರ್. ನೋಡಿದ್ದು ನೆನಪಿಲ್ಲ.'

ಅವಳು ನನ್ನನ್ನು ಮೆಚ್ಚಿಸಲು ಹಾಗೆ ಹೇಳಿದಳೋ, ತಿದ್ದಲು ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಚಿತ್ರ ಮಾಡಿದವರು ಬೇಕೆಂದೇ ಬಿಟ್ಟುಕೊಟ್ಟಿದ್ದ ಜಾಗಕ್ಕೆ ನಾನು ಹೋಗಿ ಕುರ್ಚಿ ಹಾಕಿಕೊಂಡು ಕೂತಿದ್ದೆ ಎಂಬುದಂತೂ ಅರ್ಥವಾಯಿತು.

ಮುಂದಿನ ವರ್ಗಾವಣೆ ಹೊನ್ನಾಳಿಗೆ. ತುಂಗಭದ್ರೆಯ ದಂಡೆಯ ಊರು. ಅಲ್ಲಿ ಚಿತ್ರ ತೋರಿಸುವ ಮುನ್ನ ಎರಡೇ ಮಾತು ಹೇಳಿದೆ: ಇದು ನಿಜವಾಗಿ ನಡೆದದ್ದು; ನೋಡಲಾಗದವರು ಎದ್ದು ಹೊರಗೆ ಹೋಗಬಹುದು, ಯಾರೂ ನಗುವುದಿಲ್ಲ. ಆಮೇಲೆ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ನೂರು ನಿಮಿಷ ಸುಮ್ಮನೆ ಕೂರುವುದು ಮೇಷ್ಟ್ರಿಗೆ ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು.

ಈ ಸಲ ಹೆಸರು ಹಾಕದೆ ಚೀಟಿಯಲ್ಲಿ ಬರೆಯಲು ಹೇಳಿದ್ದೆ. ಒಂದು ಚೀಟಿಯಂತೆ ಇನ್ನೊಂದಿರಲಿಲ್ಲ. 'ಚಿತ್ರ ತೆಗೆಯುತ್ತಿದ್ದವರು ಕ್ಯಾಮೆರಾ ಇಟ್ಟು ಸಹಾಯಕ್ಕೆ ಯಾಕೆ ಹೋಗಲಿಲ್ಲ?' 'ಎಲ್ಲರೂ ಈಚೆ ಓಡಿ ಬರುವಾಗ ಅಗ್ನಿಶಾಮಕದವರು ಆಚೆ ಹೋಗುತ್ತಾರಲ್ಲ, ಅವರಿಗೆ ಮನೆಯಲ್ಲಿ ಮಕ್ಕಳಿರಲಿಲ್ಲವಾ?' 'ಮೊದಲು ನನಗೆ ನಗು ಬಂತು, ಯಾಕೆ ಬಂತೋ ಗೊತ್ತಿಲ್ಲ, ಈಗ ನಾಚಿಕೆ ಆಗುತ್ತಿದೆ.' ಇಷ್ಟು ಪ್ರಾಮಾಣಿಕವಾದ ಉತ್ತರ ಪತ್ರಿಕೆಗಳನ್ನು ನಾನು ಅದುವರೆಗೆ ತಿದ್ದಿರಲಿಲ್ಲ.

ಒಂದು ಚೀಟಿಯಲ್ಲಿ ಪ್ರಶ್ನೆಯಿರಲಿಲ್ಲ. ಹೆಸರಿಲ್ಲದಿದ್ದರೂ ಬರೆದವನು ಯಾರೆಂದು ತಿಳಿಯುವಂತಿತ್ತು. ತರಗತಿಯಲ್ಲಿದ್ದ ಒಬ್ಬನೇ ಮುಸ್ಲಿಂ ಹುಡುಗ ಅವನು. ಬರೆದದ್ದು ಇಷ್ಟು: 'ಈ ವಿಷಯ ಟೀವಿಯಲ್ಲಿ ಬಂದಾಗಲೆಲ್ಲ ಅದರಲ್ಲಿ ಮಾತಾಡುವವರು ಏನೋ ಹೇಳುತ್ತಾರೆ, ಪಕ್ಕದಲ್ಲಿ ಕೂತವರು ನನ್ನ ಕಡೆ ನೋಡುತ್ತಾರೆ. ಇವತ್ತು ಯಾರೂ ಏನೂ ಹೇಳಲಿಲ್ಲ. ಯಾರೂ ನನ್ನ ಕಡೆ ನೋಡಲಿಲ್ಲ. ಅದಕ್ಕೇ ನಾನೂ ಅತ್ತೆ.'

ಆ ಚೀಟಿ ನನ್ನ ಹಳೆಯ ಡೈರಿಯಲ್ಲಿ ಇನ್ನೂ ಇದೆ. ಸತ್ತವರಿಗಾಗಿ ಅಳುವುದಕ್ಕೂ ಒಬ್ಬ ಹುಡುಗ ಇನ್ನೊಬ್ಬರ ಮಾತು ನಿಲ್ಲುವವರೆಗೆ ಕಾಯಬೇಕಾಗಿತ್ತು ಎಂಬುದು ನನಗೆ ತೋಚಿಯೇ ಇರಲಿಲ್ಲ.

ಮೂರನೆಯ ಊರು ನ್ಯಾಮತಿ. 2013ರ ಮಾತು, ಆಗಿನ್ನೂ ಅದು ಹೊನ್ನಾಳಿ ತಾಲ್ಲೂಕಿಗೇ ಸೇರಿತ್ತು. ಅಲ್ಲಿ ಒಂದು ಶನಿವಾರ ಮಧ್ಯಾಹ್ನ ತಂದೆ ತಾಯಿಯರನ್ನೂ ಕರೆದೆ. ಮಕ್ಕಳು ಸುಮ್ಮನೆ ನೋಡಿದರು, ದೊಡ್ಡವರಿಗೆ ಅದು ಸಾಧ್ಯವಾಗಲಿಲ್ಲ. ಐದು ನಿಮಿಷ ಕಳೆಯುವುದರಲ್ಲಿ ಪ್ರತಿ ಬೆಂಚಿನಲ್ಲೂ ಒಬ್ಬೊಬ್ಬ ನಿರೂಪಕ ಹುಟ್ಟಿಕೊಂಡಿದ್ದ. 'ನೋಡೋ, ಹಿಂಗೆ ಆಯ್ತು' ಎಂದು ಒಬ್ಬರು, 'ಕಣ್ಣು ಮುಚ್ಚಿಕೋ' ಎಂದು ಇನ್ನೊಬ್ಬರು. ನಾಲ್ಕು ವರ್ಷದ ಹಿಂದಿನ ನನ್ನನ್ನೇ ಕಂಡ ಹಾಗಾಯಿತು. ಭಯವಾದಾಗ ನಮ್ಮ ಕೈ ಮಕ್ಕಳ ಕಣ್ಣಿಗೆ ಹೋಗುತ್ತದೆ, ಇಲ್ಲವೇ ನಮ್ಮ ಬಾಯಿ ತೆರೆದುಕೊಳ್ಳುತ್ತದೆ. ಎರಡೂ ಪ್ರೀತಿಯಿಂದಲೇ ಬಂದದ್ದು.

ಚಿತ್ರ ಮುಗಿದ ಮೇಲೆ ಒಬ್ಬ ತಂದೆ ಎದ್ದು ನಿಂತರು. ಅವರಿಗೆ ಸಿಟ್ಟು ಬಂದಿತ್ತು. 'ಸಾರ್, ಯಾರು ಮಾಡಿದ್ರು, ಯಾಕೆ ಮಾಡಿದ್ರು ಅಂತ ಇದರಲ್ಲಿ ಹೇಳಲೇ ಇಲ್ಲ. ಹುಡುಗ್ರು ಏನು ಕಲೀಬೇಕು?' ಆ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಆ ದಿನ ಅಲ್ ಖೈದಾದ 19 ಮಂದಿ ಅಪಹರಿಸಿದ್ದು ನಾಲ್ಕು ವಿಮಾನಗಳನ್ನು. ಒಂದು ಪೆಂಟಗನ್ ಮೇಲೆ, ಇನ್ನೊಂದು ಪೆನ್ಸಿಲ್ವೇನಿಯಾದ ಹೊಲವೊಂದರಲ್ಲಿ ಬಿತ್ತು. ಅಪಹರಣಕಾರರನ್ನು ಬಿಟ್ಟು ಸತ್ತವರು 2,977 ಮಂದಿ, ಅವರಲ್ಲಿ ಭಾರತೀಯರೂ ಇದ್ದರು. ನೂರೆರಡು ನಿಮಿಷದ ಆಚೆಗಿನ ಕಥೆಯೂ ಇದೆ. ಅದೇ ಅಕ್ಟೋಬರ್ 7ಕ್ಕೆ ಅಮೆರಿಕ ಅಫ್ಘಾನಿಸ್ತಾನದ ಮೇಲೆ ಯುದ್ಧ ಆರಂಭಿಸಿತು, ಅಲ್ಲಿಂದ ಅದರ ಸೈನ್ಯ ಪೂರ್ತಿ ಹೊರಬಂದದ್ದು 2021ರ ಆಗಸ್ಟ್‌ನಲ್ಲಿ. ಆ ಯುದ್ಧದಲ್ಲಿ ಸತ್ತವರ ಕಿಟಕಿಗಳಲ್ಲಿ ನಿಂತು ಯಾರೂ ಹೀಗೆ ಗಡಿಯಾರ ಹಿಡಿದು ಚಿತ್ರ ಜೋಡಿಸಲಿಲ್ಲ. ನಿರೂಪಕನಿಲ್ಲ ಎಂದ ಮಾತ್ರಕ್ಕೆ ಚಿತ್ರ ಏನನ್ನೂ ಹೇಳುತ್ತಿಲ್ಲ ಎಂದಲ್ಲ. ಯಾವ ತುಣುಕು ಇಟ್ಟರು, ಯಾವುದನ್ನು ಬಿಟ್ಟರು, ಎಲ್ಲಿ ನಿಲ್ಲಿಸಿದರು ಎಂಬುದೂ ಒಂದು ಮಾತೇ. ಇದನ್ನು ಮಕ್ಕಳಿಗೆ ಹೇಳಲೇಬೇಕು. ಪ್ರಶ್ನೆ ಇರುವುದು ಯಾವಾಗ ಹೇಳಬೇಕು ಎಂಬುದರಲ್ಲಿ.

ಅದೇ ಸಭೆಯಲ್ಲಿ 2008ರ ನವೆಂಬರಿನ ಮುಂಬೈ ದಾಳಿಯ ಮಾತೂ ಬಂತು. ಅಲ್ಲಿದ್ದ ದೊಡ್ಡವರೆಲ್ಲ ಅದನ್ನು ಟೀವಿಯಲ್ಲಿ ಮೂರು ದಿನ ನೋಡಿದ್ದರು. ಅಲ್ಲಿ ಮಾತಿಗೆ ಬರವಿರಲಿಲ್ಲ. ಕ್ಷಣಕ್ಷಣಕ್ಕೂ ವಿವರಣೆ ಇತ್ತು. ಆ ನೇರ ಪ್ರಸಾರದ ರೀತಿಯನ್ನು ಸುಪ್ರೀಂ ಕೋರ್ಟು 2012ರಲ್ಲಿ ಕಸಬ್ ಪ್ರಕರಣದ ತೀರ್ಪಿನಲ್ಲಿ ಕಟುವಾಗಿ ಟೀಕಿಸಿತು. ಒಬ್ಬ ತಾಯಿ ಹೇಳಿದರು, 'ಅವತ್ತು ಮೂರು ದಿನ ನೋಡಿದ್ದಕ್ಕಿಂತ ಇವತ್ತು ಜಾಸ್ತಿ ಸಂಕಟ ಆಯ್ತು. ಅವತ್ತು ನೋಡ್ತಾ ನೋಡ್ತಾ ಊಟ ಮಾಡಿದ್ವಿ.' ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಎಲ್ಲರೂ ಊಟ ಮಾಡಿದವರೇ, ನಾನೂ.

ಅವರ ಪಕ್ಕದಲ್ಲಿ ಮೊಮ್ಮಗನ ಜೊತೆ ಬಂದಿದ್ದ ಒಬ್ಬ ಅಜ್ಜ ಇದ್ದರು. ಅವರು ನೆನೆಸಿಕೊಂಡದ್ದು 1948ರ ಜನವರಿ 31ನ್ನು. ಗಾಂಧೀಜಿಯ ಅಂತಿಮಯಾತ್ರೆಯ ದಿನ ಆಕಾಶವಾಣಿಯಲ್ಲಿ ಮೆಲ್ವಿಲ್ ಡಿ ಮೆಲ್ಲೊ ಏಳು ಗಂಟೆಗಳ ಕಾಲ ಇಂಗ್ಲಿಷಿನಲ್ಲಿ ವೀಕ್ಷಕ ವಿವರಣೆ ನೀಡಿದ್ದರು. ಅಜ್ಜ ಆಗ ಹುಡುಗ. ಊರ ಸಾಹುಕಾರರ ಜಗಲಿಯಲ್ಲಿ ರೇಡಿಯೊ. 'ಒಂದಕ್ಷರ ತಿಳೀಲಿಲ್ಲ. ಆದರೆ ಯಾರೂ ಎದ್ದು ಹೋಗಲಿಲ್ಲ. ಅಲ್ಲಿ ಚಿತ್ರ ಇರಲಿಲ್ಲ, ನಾವೇ ಮಾಡ್ಕೊಂಡ್ವಿ. ಇಲ್ಲಿ ಮಾತಿಲ್ಲ, ಇವು ಮಾಡ್ಕೊಳ್ಳಲಿ ಬಿಡ್ರಿ' ಎಂದು ಮಕ್ಕಳ ಕಡೆ ಕೈ ತೋರಿಸಿದರು. ಸಿಟ್ಟಾಗಿದ್ದ ತಂದೆಗೂ ನನಗೂ ಅದು ಒಟ್ಟಿಗೆ ಸಿಕ್ಕ ಉತ್ತರ.

ಕೊನೆಯದು ಜಗಳೂರು, 2017. ಮಳೆ ನಂಬಿದ ಸೀಮೆ. ಕೊಳವೆ ಬಾವಿ ಕೊರೆಸಿ ಕೊರೆಸಿ ಸಾಲದಲ್ಲಿ ಬಿದ್ದ ಮನೆಗಳು ಅಲ್ಲಿ ನನ್ನ ತರಗತಿಯಲ್ಲೇ ಎಷ್ಟೋ ಇದ್ದವು. ಅವತ್ತು ಚಿತ್ರ ಶುರುವಾಗಿದ್ದೇ ತಡ. ಅರ್ಧ ದಾಟಿದ ಮೇಲೆ ಒಬ್ಬ ಹೆಂಗಸು ಬಾಗಿಲಲ್ಲಿ ಬಂದು ನಿಂತರು. ಸಂತೆಗೆ ಬಂದಿದ್ದವರು, ಮಗಳನ್ನು ಕರೆದುಕೊಂಡು ಕೊನೆಯ ಬಸ್ಸಿಗೆ ಹೋಗಬೇಕು. 'ಇನ್ನೂ ಹೊತ್ತಿದೆ, ಕೂತುಕೊಳ್ಳಿ' ಎಂದೆ. ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಹಿಂದಿನ ಬೆಂಚಿನ ತುದಿಯಲ್ಲಿ ಕೂತರು. ಅದು ಯಾವ ದೇಶ, ಏನು ಕಥೆ ಎಂದು ಅವರು ಕೇಳಲಿಲ್ಲ. ಬೂದಿ ಮೆತ್ತಿಕೊಂಡ ಜನ ಬೀದಿಯಲ್ಲಿ ನಡೆದು ಬರುವುದನ್ನು ಕಣ್ಣು ಕದಲಿಸದೆ ನೋಡಿದರು.

ಮುಗಿದ ಮೇಲೆ ಚೀಲ ಎತ್ತಿಕೊಳ್ಳುತ್ತಾ ನನ್ನನ್ನು ಕೇಳಿದರು, 'ಯಾರೂ ಏನೂ ಹೇಳಲಿಲ್ಲವಲ್ಲ ಸಾರ್?'

'ಇಲ್ಲಮ್ಮ. ಇದರಲ್ಲಿ ಹೇಳುವವರು ಯಾರೂ ಇಲ್ಲ.'

'ಒಳ್ಳೇದು' ಎಂದರು. ಸ್ವಲ್ಪ ತಡೆದು, 'ನಮ್ಮ ಯಜಮಾನ್ರು ಹೋದಾಗ ಬಂದವರೆಲ್ಲ ಹೇಳಿದ್ರು. ಸಾಲಕ್ಕೆ ಅಂದ್ರು, ಕುಡಿತಕ್ಕೆ ಅಂದ್ರು, ಮನೇಲಿ ಜಗಳಾ ಅಂದ್ರು. ಮೈಕು ಹಿಡ್ಕೊಂಡು ಬಂದವರೂ ಅವರೇ ಹೇಳ್ಕೊಂಡು ಹೋದ್ರು. ಸುಮ್ನೆ ಕೂತು ನಮ್ಮ ಮುಖ ನೋಡಿದವರು ಯಾರೂ ಇಲ್ಲ.' ಇಷ್ಟು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಮಗಳ ಕೈ ಹಿಡಿದುಕೊಂಡು ಹೊರಟರು.

ಆ ಮಗಳು ಎರಡು ವರ್ಷದಿಂದ ನನ್ನ ತರಗತಿಯಲ್ಲಿದ್ದವಳು. ಅವಳಿಗೆ ತಂದೆಯಿಲ್ಲವೆಂದು ನನಗೆ ಗೊತ್ತಿತ್ತು. ಧೈರ್ಯದ ಮಾತು ಎಂದುಕೊಂಡು ನಾನೂ ಅವಳಿಗೆ ಬೇಕಾದಷ್ಟು ಹೇಳಿದ್ದೆ. ಒಮ್ಮೆಯೂ ಕೇಳಿರಲಿಲ್ಲ.

ಎರಡು ದಿನ ಬಿಟ್ಟು ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. 'ಅವತ್ತು ಬಸ್ಸಿನಲ್ಲಿ ಅಮ್ಮ ಅಪ್ಪನ ವಿಷಯ ಮಾತಾಡಿದಳು ಸಾರ್. ಊರು ಬರೋತನಕ ಮಾತಾಡಿದಳು.' ನಾನು ಏನೋ ಹೇಳಲು ಹೊರಟವನು, ಹೇಳದೆ ಎದುರಿನ ಕುರ್ಚಿ ತೋರಿಸಿದೆ. ಅವಳು ಕೂತಳು. ಬೆಲ್ಲು ಹೊಡೆಯುವವರೆಗೂ ಅವಳು ಹೇಳಿದಳು, ನಾನು ಕೇಳಿದೆ.

ಈಗ ನಾನು ನಿವೃತ್ತ. ಪರಿಚಯದ ತಂದೆ ತಾಯಿಯರು ಕೆಲವೊಮ್ಮೆ ಕೇಳುತ್ತಾರೆ: ಇಂಥ ದುರಂತದ ಚಿತ್ರಗಳನ್ನು ಮಕ್ಕಳಿಗೆ ತೋರಿಸಬಹುದೇ, ತೋರಿಸಿದರೆ ಏನೆಂದು ಹೇಳಬೇಕು? ತೀರ ಚಿಕ್ಕವರಿಗೆ ಬೇಡ ಎನ್ನುತ್ತೇನೆ. ದೊಡ್ಡವರಾದರೆ ಅವರೊಬ್ಬರನ್ನೇ ಕೂರಿಸಬೇಡಿ, ಪಕ್ಕದಲ್ಲಿ ನೀವೂ ಕೂತಿರಿ. ನಡುವೆ ಮಾತು ಬೇಡ. ಮುಗಿದ ಮೇಲೂ ಸ್ವಲ್ಪ ಹೊತ್ತು ಬೇಡ. ಮೊದಲ ಮಾತು ಮಕ್ಕಳದೇ ಆಗಲಿ. ಅದು ಅಸಂಬದ್ಧವಾಗಿರಬಹುದು, ನಗುವಾಗಿರಬಹುದು, ಊಟಕ್ಕೇನು ಎಂಬ ಪ್ರಶ್ನೆಯೇ ಆಗಿರಬಹುದು. ಆಮೇಲೆ ನಿಮಗೆ ಗೊತ್ತಿರುವುದನ್ನೆಲ್ಲ ಹೇಳಿ. ಇಸವಿ ಹೇಳಿ, ಕಾರಣ ಹೇಳಿ, ಚಿತ್ರ ಹೇಳದೆ ಬಿಟ್ಟದ್ದನ್ನೂ ಹೇಳಿ.

ಇದನ್ನು ಹೇಳುವಾಗಲೂ ನನ್ನ ಮಾತು ಉದ್ದವಾಗುತ್ತದೆ. ಕಸುಬಿನ ಚಾಳಿ. ಹಾಗಾದಾಗ ಚನ್ನಗಿರಿಯ ಆ ಹುಡುಗಿ ನೆನಪಾಗುತ್ತಾಳೆ, ಅಲ್ಲಿಗೇ ನಿಲ್ಲಿಸುತ್ತೇನೆ.