ತೆರೆ ದಾಟುವ ದಾರಿ

ಘಟ್ಟದ ಮೇಲಿನವರಿಗೆ ಸಮುದ್ರವೆಂದರೆ ವರ್ಷಕ್ಕೊಮ್ಮೆ ನೋಡಿ, ಕೈಮುಗಿದು, ಹಿಂದಿರುಗತಕ್ಕ ದೇವರು. ಮತ್ತಿಘಟ್ಟದಲ್ಲಿ ಹುಟ್ಟಿ, ಅಡಿಕೆಯ ತೋಟದ ತಂಪಿನಲ್ಲಿ ಬೆಳೆದು, ಮಳೆಗಾಲದಲ್ಲಿ ಹಳ್ಳದ ಸಂಕ ದಾಟುವುದನ್ನೇ ದೊಡ್ಡ ಜಲಸಾಹಸವೆಂದು ತಿಳಿದುಕೊಂಡಿರುವ ನನ್ನಂಥವನು ಕಡಲ ತೆರೆಗಳ ವಿಷಯವಾಗಿ ಲೇಖನಿ ಹಿಡಿಯುವುದು ವಾಚಕರಿಗೆ ವಿನೋದವೆನಿಸೀತು. ಆದರೆ ಕಳೆದ ಆಶ್ವಯುಜದಲ್ಲಿ ಗೋಕರ್ಣದ ದಂಡೆಯ ಮೇಲೆ ನಾನೊಂದು ಬೆಳಗನ್ನು ಕಳೆದೆನು. ಅಂದು ಕಂಡುದನ್ನೂ ಕಲಿತುದನ್ನೂ ನನ್ನಲ್ಲಿಯೇ ಇಟ್ಟುಕೊಂಡಿರುವುದು ತಪ್ಪೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಗೂ ಆ ಕಡಲಿಗೂ ಹಳೆಯದೊಂದು ಲೆಕ್ಕವಿದೆ. 1971ರಲ್ಲಿ ಅಜ್ಜನ ಅಸ್ಥಿಯನ್ನು ಬಿಡುವುದಕ್ಕಾಗಿ ನಾವು ಗೋಕರ್ಣಕ್ಕೆ ಹೋಗಿದ್ದೆವು. ನನ್ನ ಅಣ್ಣನಿಗೆ ಆಗ 26 ವರ್ಷ, ನನಗೆ 16. ಹಳ್ಳದ ಗುಂಡಿಗಳಲ್ಲಿ ಮೀನಿನಂತೆ ಈಜುತ್ತಿದ್ದವನು ಅವನು. ಕಾರ್ಯವೆಲ್ಲ ಮುಗಿದ ಮೇಲೆ ಸ್ನಾನಕ್ಕೆಂದು ಎದೆಮಟ್ಟದ ನೀರಿಗೆ ಇಳಿದನು. ಎಡಬಲಗಳಲ್ಲಿ ತೆರೆಗಳು ಒಡೆದು ನೊರೆಯಾಗುತ್ತಿದ್ದುವು. ನಡುವೆ ಒಂದೆಡೆ ಮಾತ್ರ ನೀರು ಶಾಂತವಾಗಿತ್ತು. ಶಾಂತವಾಗಿದೆಯೆಂದೇ ಅವನು ಆ ಸ್ಥಳವನ್ನು ಆರಿಸಿಕೊಂಡನು. ಸ್ವಲ್ಪ ಹೊತ್ತಿನಲ್ಲಿಯೇ ಅವನು ದಂಡೆಯ ಕಡೆಗೆ ಮುಖಮಾಡಿ ಬಲವಾಗಿ ಈಜುತ್ತಿರುವುದನ್ನು ಕಂಡೆನು. ಕೈಗಳು ಚೆನ್ನಾಗಿ ಆಡುತ್ತಿದ್ದುವು. ಆದರೆ ನಮ್ಮಿಬ್ಬರ ನಡುವಣ ಅಂತರವು ಹೆಚ್ಚುತ್ತಲೇ ಹೋಯಿತು. ಮರುದಿನ ಸಂಜೆ ಅವನ ದೇಹವು ಸಿಕ್ಕಿತು. ಮನೆಯಲ್ಲಿ ಅವನ ಮಗನಿಗೆ ಎಂಟು ತಿಂಗಳು.

ಅಂದಿನಿಂದ ನಮ್ಮ ಮನೆಯವರು ಸಮುದ್ರಸ್ನಾನವನ್ನು ತಂಬಿಗೆಯಲ್ಲಿ ಮಾಡತೊಡಗಿದರು. ಒಬ್ಬರು ಪಾದ ನೆನೆಯುವಷ್ಟು ನೀರಿಗೆ ಹೋಗಿ ತಂಬಿಗೆ ತುಂಬಿ ತರುವುದು. ಉಳಿದವರು ಒಣ ಮರಳಿನ ಮೇಲೆ ನಿಂತು ತಲೆಗೆ ಹಾಕಿಕೊಳ್ಳುವುದು. ಶಾಸ್ತ್ರಕ್ಕೆ ಇದು ಸಾಕೆಂದು ಪುರೋಹಿತರೂ ಒಪ್ಪಿದ್ದರು.

ಆ ಎಂಟು ತಿಂಗಳ ಕೂಸು ನನ್ನ ಕೈಯಲ್ಲಿಯೇ ಬೆಳೆದು ದೊಡ್ಡವನಾದನು. ಅವನ ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಗ ಕಡಲ ಹುಚ್ಚನ್ನು ಹಿಡಿಸಿಕೊಂಡಳು. ಮಂಗಳೂರಿನ ಉತ್ತರಕ್ಕೆ ಮೂಲ್ಕಿಯೆಂಬ ಊರಿದೆಯಷ್ಟೆ. ಅಲ್ಲಿ ಜ್ಯಾಕ್ ಹೆಬ್ನರ್ ಎಂಬ ಅಮೆರಿಕದ ವೈಷ್ಣವ ಸಂನ್ಯಾಸಿಯು ಆಶ್ರಮದೊಡನೆ ಸರ್ಫಿಂಗ್ ವಿದ್ಯೆಯನ್ನೂ ನೆಲೆಗೊಳಿಸಿದನು. ದೇಶದ ಮೊದಲ ಸರ್ಫಿಂಗ್ ಕ್ಲಬ್ಬು 2004ರಲ್ಲಿ ಅಲ್ಲಿ ಹುಟ್ಟಿತು. ಅದರ ಸಮೀಪದ ಸಸಿಹಿತ್ಲುವಿನಲ್ಲಿ 2016ರಲ್ಲಿ ಅಖಿಲ ಭಾರತದ ಪಂದ್ಯವೂ ನಡೆಯಿತು. ಮೊಮ್ಮಗಳು ಆ ಕರಾವಳಿಯಲ್ಲಿ ನಾಲ್ಕು ವರ್ಷ ಕಲಿತಳು. ಮನೆಗೆ ತಿಳಿಸಿದುದು ನಾಲ್ಕನೆಯ ವರ್ಷ. ಅವಳ ತಂದೆಯು ಒಂದು ವಾರ ಅವಳೊಡನೆ ಮಾತನಾಡಲಿಲ್ಲ. ಕಡೆಗೆ ಅವಳು ನನಗೆ ಫೋನು ಮಾಡಿ, “ಅಜ್ಜ, ಗೋಕರ್ಣಕ್ಕೆ ಒಂದ್ಸಲ ಬಂದು ನೋಡು. ಬೇಡ ಹೇಳಿ ನೀ ಹೇಳಿದ್ರೆ ಆನು ನೀರಿಗೆ ಇಳಿತ್ನಿಲ್ಲೆ” ಎಂದಳು. ಬೇಡವೆಂದು ಹೇಳುವ ನಿಶ್ಚಯದಿಂದಲೇ ನಾನು ದೇವಿಮನೆ ಘಟ್ಟವನ್ನಿಳಿದೆನು. ಚೀಲದಲ್ಲಿ ತಂಬಿಗೆಯೂ ಇತ್ತು.

ಅವಳ ಹಲಗೆಯು 9 ಅಡಿಗೂ ಉದ್ದ. ಲಾಂಗ್‌ಬೋರ್ಡ್ ಎಂದು ಅದಕ್ಕೆ ಹೆಸರು. ಗಿಡ್ಡ ಹಲಗೆಯಾದರೆ ಎದುರು ಬರುವ ತೆರೆಯ ಅಡಿಗೆ ಬಾತುಕೋಳಿಯಂತೆ ಅದನ್ನು ಮುಳುಗಿಸಿಕೊಂಡು ಪಾರಾಗಬಹುದಂತೆ. ಉದ್ದದ ಹಲಗೆಗೆ ತೇಲುವ ಗುಣ ಅತಿಶಯವಾದುದರಿಂದ ಅದು ಮುಳುಗಲೊಲ್ಲದು. ಆದುದರಿಂದ ಅದನ್ನೇರಿದವನಿಗೆ ಬಲಕ್ಕಿಂತ ವಿವೇಕವೇ ಹೆಚ್ಚು ಬೇಕು. ಇಂತಹ ಹಲಗೆಗಳ ಮೂಲಸ್ಥಾನವು ಶಾಂತಸಾಗರದ ಹವಾಯಿ ದ್ವೀಪಗಳು. ಅಲ್ಲಿಯ ಡ್ಯೂಕ್ ಕಹನಮೋಕು ಎಂಬಾತನು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಈಜಿನ ಚಿನ್ನದ ಪದಕ ಗೆದ್ದವನು. 1925ರಲ್ಲಿ ಕ್ಯಾಲಿಫೋರ್ನಿಯದ ನ್ಯೂಪೋರ್ಟಿನ ಬಳಿ ಹೆದ್ದೆರೆಗಳಿಗೆ ಸಿಕ್ಕಿ ಒಂದು ದೋಣಿ ಮಗುಚಿದಾಗ, ಆತನು ತನ್ನ ಹಲಗೆಯ ಮೇಲೆ ಮತ್ತೆ ಮತ್ತೆ ಹೋಗಿ 8 ಮಂದಿಯನ್ನು ಬದುಕಿಸಿ ತಂದನು. ಈ ಸಂಗತಿಯನ್ನು ಮೊಮ್ಮಗಳು ದಾರಿಯಲ್ಲಿಯೇ ಹೇಳಿದ್ದಳು. ಏಕೆ ಹೇಳಿದಳೆಂಬುದು ನನಗೆ ತಿಳಿಯದೆ ಇರಲಿಲ್ಲ.

ದಂಡೆಗೆ ಬಂದ ಕೂಡಲೆ ಅವಳು ನೀರಿಗೆ ಹಾರುವಳೆಂದು ನಾನೆಣಿಸಿದ್ದೆನು. ಅವಳಾದರೋ ಜೊತೆಗೆ ಬಂದಿದ್ದ ಇಬ್ಬರು ಸ್ನೇಹಿತೆಯರೊಡನೆ ಮರಳಿನ ಮೇಲೆ ಕುಳಿತುಬಿಟ್ಟಳು. ತೆರೆಗಳು ಆಳೆತ್ತರವಿದ್ದುವು. “ಇಪ್ಪತ್ತು ನಿಮಿಷ ಬರೀ ನೋಡುವುದು. ಅಜ್ಜ, ನೀನು ಎಣಿಸು” ಎಂದಳು. ಅಡಿಕೆಯ ಕೊನೆಗಳನ್ನು ಎಣಿಸಿ ಅಭ್ಯಾಸವಾದ ನನಗೆ ಅದೇನೂ ಕಷ್ಟವಾಗಲಿಲ್ಲ. ಐದಾರು ದೊಡ್ಡ ತೆರೆಗಳು ಒಂದರ ಬೆನ್ನಿಗೊಂದು ಬಂದುವು. ಬಳಿಕ ಹಲವು ನಿಮಿಷ ಸಣ್ಣ ತೆರೆಗಳೇ. ತಿರುಗಿ ದೊಡ್ಡವುಗಳ ಗುಂಪು. ದೂರದ ದಕ್ಷಿಣಸಾಗರದಲ್ಲಿ ಬಿರುಗಾಳಿಯೆದ್ದಾಗ ಹುಟ್ಟಿದ ತೆರೆಗಳು ಸಾವಿರಾರು ಮೈಲು ಪಯಣ ಮಾಡಿ ಬರುವುವು. ಉದ್ದದಲ್ಲಿ ಅಲ್ಪಸ್ವಲ್ಪ ಭೇದವುಳ್ಳ ತೆರೆಗಳು ಒಂದರ ಮೇಲೊಂದು ಕೂಡಿದಾಗ ಎತ್ತರವಾಗಿ, ಒಂದನ್ನೊಂದು ಅಳಿಸಿದಾಗ ತಗ್ಗುವುವು. ಗುಂಪು ಕಟ್ಟಿಕೊಂಡು ಬರುವುದಕ್ಕೆ ಕಾರಣವಿದೇ ಎಂದಳು. ತೆರೆಯ ಎತ್ತರವು ತಳದ ಆಳದ ಮುಕ್ಕಾಲು ಪಾಲಿನಷ್ಟಾಯಿತೆಂದರೆ ಅದು ಒಡೆಯುವುದಂತೆ. ಹೀಗಾಗಿ ತೆರೆ ಎಲ್ಲಿ ಒಡೆಯುವುದೆಂಬುದನ್ನು ನೋಡಿದರೆ ಕಾಣದ ತಳದ ಏರುತಗ್ಗುಗಳನ್ನು ಓದಬಹುದು.

ಹತ್ತಿರ ಬಲೆ ನೇಯುತ್ತಿದ್ದ ಮುದುಕನೊಬ್ಬನು ಇದನ್ನೆಲ್ಲ ಕೇಳುತ್ತಿದ್ದು, “ದೋಣಿ ಇಳಿಸುವಾಗ ನಾವು ಮಾಡೂದೂ ಅದೇ, ಹೆಗಡೇರೇ. ದೊಡ್ಡ ತೆರೆ ಹೋಗೂವರೆಗೆ ಕಾಯೂದು, ಮತ್ತೆ ತಡ ಮಾಡೂಕಾಗ” ಎಂದನು. ನಮ್ಮ ತೋಟದ ಕೊನೆಗೌಡನು ನೆನಪಿಗೆ ಬಂದನು. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುವಾಗ ಅವನು ಮರದೊಡನೆ ಜಗಳವಾಡುವುದಿಲ್ಲ. ತೂಗಾಟವನ್ನು ಕಾದಿದ್ದು, ಪಕ್ಕದ ಮರವು ಕೈಗೆಟುಕುವ ಆ ಕ್ಷಣದಲ್ಲಿ ಮಾತ್ರ ಹಿಡಿಯುವನು.

“ಎಲ್ಲಿಂದ ಹೋಗುವೆ?” ಎಂದು ಕೇಳಿದೆನು. ಅವಳು ಕೈತೋರಿದ ಕಡೆ ನೋಡಿ ನನ್ನ ಎದೆ ಝಲ್ಲೆಂದಿತು. ಎಡಬಲಗಳಲ್ಲಿ ನೊರೆ, ನಡುವೆ ಕಪ್ಪಗೆ, ಶಾಂತವಾಗಿ ನೀರಿನದೊಂದು ಪಟ್ಟಿ. ಅಣ್ಣನು ಆರಿಸಿಕೊಂಡುದು ಅಂಥದೇ ಸ್ಥಳವನ್ನು.

ಅದನ್ನು ನಾನು ಅವಳಿಗೆ ಹೇಳಿದೆನು. ಅವಳ ಅಜ್ಜನ ಸಾವಿನ ಬಗೆಯನ್ನು ನಮ್ಮ ಮನೆಯಲ್ಲಿ ಯಾರೂ ಅಷ್ಟು ವಿವರವಾಗಿ ಆಡಿರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮರಳಿನ ಮೇಲೆ ಬೆರಳಿನಿಂದ ಗೆರೆಯೆಳೆದು ತಿಳಿಸಿದಳು. ತೆರೆಗಳು ದಂಡೆಗೆ ತಂದು ಒಟ್ಟುವ ನೀರು ಹಿಂದಿರುಗಲೇಬೇಕು. ಅದು ಮರಳನ್ನು ಕೊರೆದು ಕಾಲುವೆ ಮಾಡಿಕೊಂಡು, ಹೊಳೆಯಂತೆ ಕಡಲಿನ ಕಡೆಗೆ ಹರಿಯುವುದು. ಕಾಲುವೆಯು ಆಳವಾದುದರಿಂದ ಅಲ್ಲಿ ತೆರೆ ಒಡೆಯುವುದಿಲ್ಲ; ಒಡೆಯದುದರಿಂದಲೇ ಶಾಂತವಾಗಿ ಕಾಣುವುದು. ದಂಡೆಗೆ ಬರಬೇಕೆಂಬವನು ಅದಕ್ಕೆದುರಾಗಿ ಈಜಿದರೆ ಎಂತಹ ಗಟ್ಟಿಗನೂ ಸೋಲುವನು. ಸೆಳವು ಅಗಲವಾಗಿರುವುದು ಅಪರೂಪ. ಅದು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಮಾತ್ರ ಒಯ್ಯುವುದು. ಸಾಮಾನ್ಯವಾಗಿ ತೆರೆ ಒಡೆಯುವ ಗೆರೆಯಾಚೆ ಅದರ ಬಲ ಕುಂದುವುದು. ಸಿಕ್ಕಿದವನು ಗಾಬರಿಯಾಗದೆ ತೇಲಿಕೊಂಡಿದ್ದು, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ನೊರೆಯಿರುವ ಕಡೆಯಿಂದ ತೆರೆಗಳೊಡನೆ ಒಳಕ್ಕೆ ಬರಬೇಕು; ಈಜಲಾರದವನು ತೇಲುತ್ತ ಕೈಯೆತ್ತಿ ಕೂಗಬೇಕು.

ಐವತ್ತು ವರ್ಷಗಳಿಗೂ ಹಿಂದೆ ಆ ನಾಲ್ಕು ಮಾತುಗಳನ್ನು ಯಾರಾದರೂ ನಮಗೆ ಹೇಳಿದ್ದರೆ! ಅಣ್ಣನಿಗೆ ಶಕ್ತಿ ಕಡಮೆಯಿರಲಿಲ್ಲ. ದಿಕ್ಕು ತಪ್ಪಾಗಿತ್ತು, ಅಷ್ಟೆ.

“ಹಲಗೆಯಿದ್ದು ಹೊರಗೆ ಹೋಗಬೇಕೆನ್ನುವವರಿಗೆ ಮಾತ್ರ ಇದು ದಾರಿ, ಸ್ನಾನಕ್ಕೆ ಬಂದವರಿಗಲ್ಲ” ಎಂದು ಅವಳು ಮುಗಿಸಿದಳು. ಬಳಿಕ ನನ್ನ ಮುಖವನ್ನೇ ನೋಡುತ್ತ ನಿಂತಳು. ಬೇಡವೆಂದು ಹೇಳಲು ಅದೇ ಸಮಯವಾಗಿತ್ತು. “ದೊಡ್ಡ ತೆರೆಗಳು ಈಗ ಬರುತ್ತವೆ. ಅವು ಮುಗಿಯಲಿ, ನಾನು ಹೇಳುತ್ತೇನೆ” ಎಂಬ ಮಾತು ನನ್ನ ಬಾಯಿಂದ ಬಂದಿತು.

ಅವಳು ಕಾಲಿಗೆ ಹಗ್ಗ ಬಿಗಿದುಕೊಂಡಳು. ಅದರ ಇನ್ನೊಂದು ತುದಿ ಹಲಗೆಗೆ. ಸೊಂಟಮಟ್ಟದ ನೀರಿನವರೆಗೆ ಹಲಗೆಯನ್ನು ಪಕ್ಕದಲ್ಲಿ ಹಿಡಿದು, ಅದರ ಮೂತಿಯನ್ನು ನೇರ ಕಡಲಿಗೆ ತಿರುಗಿಸಿ ನಡೆದಳು. ಹಲಗೆಯು ಎಂದಿಗೂ ತನಗೂ ತೆರೆಗೂ ನಡುವೆ ಇರಕೂಡದು. ಇದ್ದರೆ ತೆರೆಯು ಅದನ್ನೇ ಎತ್ತಿ ಎದೆಗೆ ಹೊಡೆಯುವುದು. ಆರನೆಯ ತೆರೆ ಕಳೆದ ಕೂಡಲೆ ನಾನು “ಹೋಗು!” ಎಂದು ಕೂಗಿದೆನು. ಅವಳು ಹಲಗೆಯ ಮೇಲೆ ಬೋರಲು ಮಲಗಿ ಎರಡು ಕೈಗಳಿಂದಲೂ ನೀರನ್ನು ಎಳೆಯತೊಡಗಿದಳು. ಸಣ್ಣ ನೊರೆ ಬಂದಾಗ ಕೈಯೂರಿ ಎದೆಯನ್ನೆತ್ತುವಳು. ನೀರು ಮೈಗೂ ಹಲಗೆಗೂ ನಡುವೆ ಹರಿದುಹೋಗುವುದು. ಸೆಳವು ಅವಳನ್ನು ಒಯ್ಯುತ್ತಿತ್ತು. ಐವತ್ತು ವರ್ಷಗಳಿಂದ ನಾನು ಶಪಿಸುತ್ತಿದ್ದ ಆ ನೀರು ಅವಳ ಅರ್ಧ ಕೆಲಸವನ್ನು ತಾನೇ ಮಾಡುತ್ತಿತ್ತು.

ನನ್ನ ಲೆಕ್ಕವು ಒಂದರಲ್ಲಿ ತಪ್ಪಿತು. ಅವಳು ಗೆರೆಯನ್ನು ಮುಟ್ಟುವ ಮೊದಲೇ ಹೊರಗೆ ಇನ್ನೊಂದು ಹೆದ್ದೆರೆಯು ಎದ್ದಿತು. ಕಾಲುವೆಯನ್ನೂ ಮುಚ್ಚಿಕೊಂಡು ಒಡೆಯುವಷ್ಟು ದೊಡ್ಡದು. ಒಂದು ಘನ ಮೀಟರು ನೀರು ಸಾವಿರ ಕಿಲೋಗ್ರಾಮು ತೂಗುವುದೆಂಬ ಶಾಲೆಯ ಪಾಠವು ಆಗ ನೆನಪಾಗಬೇಕೆ? ಹಲಗೆಯನ್ನು ಬಿಟ್ಟು ಮುಳುಗಬಾರದೆ ಎಂದು ನನಗೆ ತೋರಿತು. ಆದರೆ ಬಿಟ್ಟ ಹಲಗೆಯೂ ಹಗ್ಗವೂ ಸೇರಿ ಹದಿನೆಂಟು ಅಡಿಯವರೆಗೆ ಬೀಸುವುವು. ಹಿಂದೆ ಅವಳ ಸ್ನೇಹಿತೆಯರು ಬರುತ್ತಿದ್ದರು. ಅವಳು ನೇರವಾಗಿ ತೆರೆಗೆ ಎದುರಾಗಿ ನಾಲ್ಕು ಕೈ ಬಲವಾಗಿ ಹಾಕಿ, ಹಲಗೆಯ ಎರಡು ಅಂಚುಗಳನ್ನೂ ಹಿಡಿದು, ಮಗುಚಿಕೊಂಡಳು. ಆಮೆಯ ಚಿಪ್ಪಿನಂತೆ ಹಲಗೆ ಮೇಲೆ, ಅವಳು ಕೆಳಗೆ. ತೆರೆಯು ಅದರ ಮೇಲೆ ಬಿದ್ದಿತು. ನೊರೆಯ ಹೊರತು ಏನೂ ಕಾಣಿಸಲಿಲ್ಲ.

ನಾನು ಎಣಿಸುತ್ತಲೇ ಇದ್ದೆನು. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಹಲಗೆಯು ಹೊರಳಿತು. ಅವಳು ಅದರ ಮೇಲೇರಿ, ಕಣ್ಣೊರೆಸಿಕೊಳ್ಳದೆ ಕೈ ಹಾಕುತ್ತಿದ್ದಳು. ಮುಂದಿನ ತೆರೆಯ ಬೆನ್ನನ್ನು ಅದು ಒಡೆಯುವ ಮೊದಲೇ ಹತ್ತಿ ಆಚೆಗಿಳಿದಳು. ಅಲ್ಲಿ ಹಲಗೆಯ ಮೇಲೆ ಎದ್ದು ಕುಳಿತು ದಂಡೆಯ ಕಡೆಗೆ ತಿರುಗಿ ಕೈಯೆತ್ತಿದಳು. ಅಣ್ಣನನ್ನು ನಾನು ಕಡೆಯ ಬಾರಿ ಕಂಡುದೂ ಹೆಚ್ಚುಕಡಮೆ ಅಷ್ಟೇ ದೂರದಲ್ಲಿ.

ಅವಳ ತಂದೆಗೆ ಫೋನು ಮಾಡಿ, “ದಾಟಿದಳು” ಎಂದೆನು. ಆಚೆಯಿಂದ ಬಹಳ ಹೊತ್ತು ಉತ್ತರ ಬರಲಿಲ್ಲ. ಬಳಿಕ, “ತಿರುಗಿ ಬಂದ ಮೇಲೆ ಇನ್ನೊಮ್ಮೆ ಮಾಡು, ಅಪ್ಪಚ್ಚಿ” ಎಂದನು.

ಅವಳು ಬರುವುದು ಇನ್ನೂ ತಡವೆಂದು ತಿಳಿದು ನಾನು ಧೋತರವನ್ನು ಮೇಲೆ ಕಟ್ಟಿಕೊಂಡು ನೀರಿಗಿಳಿದೆನು. ಶಾಂತವಾದ ಕಡೆಯಲ್ಲಿ ಅಲ್ಲ. ನೊರೆಯಿರುವ ಕಡೆಯಲ್ಲಿ, ಮೊಣಕಾಲುಮಟ್ಟದವರೆಗೆ. ಅಲ್ಲಿಯೇ ಕುಳಿತು, ಅಣ್ಣನ ಹೆಸರು ಹೇಳಿ, ಮೂರು ಸಲ ಮುಳುಗಿ ಎದ್ದೆನು. ತಂಬಿಗೆಯು ಚೀಲದಲ್ಲಿಯೇ ಉಳಿಯಿತು.