ಔಟ್‌ಪುಟ್ ಸುತ್ತುವವರು

ಹಳೆಯ ವಾಲ್ವ್ ಆ್ಯಂಪ್ಲಿಫೈಯರನ್ನು ಮತ್ತೆ ಹಾಡಿಸಬೇಕೆಂದು ಹೊರಟವರಿಗೆ ಈಗ ವಾಲ್ವಿನ ಚಿಂತೆಯಿಲ್ಲ. ರಷ್ಯದ್ದೋ ಸ್ಲೊವಾಕಿಯಾದ್ದೋ ಇಎಲ್84 ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮನೆಗೇ ಬರುತ್ತದೆ. ಕಂಡೆನ್ಸರು, ರೆಸಿಸ್ಟರುಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಿದೆ. ಸಿಗದೆ ಸತಾಯಿಸುವುದು ಷಾಸಿಯ ಮೇಲೆ ಕೂತ ಭಾರದ ಕರಿ ಗಂಟು, ವಾಲ್ವನ್ನು ಸ್ಪೀಕರಿಗೆ ಬೆಸೆಯುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಅದು ಹೋದರೆ ಅಂಗಡಿಯಿಂದ ಇನ್ನೊಂದನ್ನು ತಂದು ಹಾಕುವ ರೂಢಿ ನಮ್ಮಲ್ಲಿ ಕಡಿಮೆ. ಅದನ್ನೇ ಬಿಚ್ಚಿ ಸುತ್ತಿಸುತ್ತಿದ್ದೆವು. ಸುತ್ತಿಕೊಡುತ್ತಿದ್ದವರು ಒಬ್ಬೊಬ್ಬರಾಗಿ ಕೆಲಸ ಬಿಟ್ಟರು.

ತೀರ್ಥಹಳ್ಳಿಯಲ್ಲಿ ನನ್ನ ಸೋದರಮಾವನದು ರೇಡಿಯೊ ರಿಪೇರಿ ಅಂಗಡಿ. ಜೊತೆಗೆ ಬಾಡಿಗೆಗೆ ಮೈಕ್ ಸೆಟ್ಟು. ಎರಡು ಇಎಲ್34 ವಾಲ್ವಿನ, 30 ವಾಟಿನ ದೊಡ್ಡ ಸೆಟ್ಟು ಯಕ್ಷಗಾನಕ್ಕೇ ಮೀಸಲು. ಮೇ ತಿಂಗಳಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ಅದು ಅಟ್ಟ ಹತ್ತುತ್ತಿತ್ತು. ಗಣಪತಿ ಹಬ್ಬಕ್ಕೆಲ್ಲ ಚಿಕ್ಕ ಸೆಟ್ಟೇ ಸಾಕು. ದೊಡ್ಡದು ಕೆಳಗಿಳಿಯುವುದು ದೀಪಾವಳಿ ಕಳೆದ ಮೇಲೆ.

ನಡುವಿನ ಮಳೆಗಾಲವೇ ಔಟ್‌ಪುಟ್ಟಿನ ಶತ್ರು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಅಟ್ಟದ ಮೇಲಿನ ಅಡಿಕೆ ಚೀಲಕ್ಕೂ ಬೂಷ್ಟು ಬರುವಷ್ಟು ತೇವ. ವಾಲ್ವಿನ ಕಡೆಯ ಸುರುಳಿ, ಅಂದರೆ ಪ್ರೈಮರಿಯ ತಂತಿಯ ದಪ್ಪ 0.2 ಮಿ.ಮೀ. ಆಸುಪಾಸು ಅಷ್ಟೇ. ಪದರಕ್ಕೊಂದರಂತೆ ಹಾಕಿದ ಕಾಗದ ತೇವ ಹೀರಿಕೊಂಡು ಕೂತಿರುತ್ತದೆ. ಆಟ ಶುರುವಾದ ಮೇಲೆ ಆ ತಂತಿಗೆ 400 ವೋಲ್ಟಿನ ಆಸುಪಾಸು ಎಚ್‌ಟಿ (ಹೈ ಟೆನ್ಷನ್), ಸುತ್ತಲಿನ ಕಬ್ಬಿಣಕ್ಕೆ ಅರ್ತ್. ಎನಾಮೆಲ್ ಎಲ್ಲಾದರೂ ಚೂರು ಬಿಟ್ಟಿದ್ದರೆ ಅಲ್ಲಿ ಸೋರುವ ಕರೆಂಟು ತಾಮ್ರವನ್ನು ತಿನ್ನುತ್ತ ಹೋಗುತ್ತದೆ. ಬಿಚ್ಚಿ ನೋಡಿದರೆ ಸಾಸಿವೆ ಗಾತ್ರದ ಹಸಿರು ಚುಕ್ಕೆ. ತಂತಿ ಕಡಿದದ್ದು ಅಲ್ಲಿಯೇ. ಇನ್ನೊಂದು ಬಗೆಯ ಸಾವೂ ಇತ್ತು. ಚಂಡೆ ಜೋರಾಗಿರುವಾಗ ಹಾರ್ನಿನ ತಂತಿ ಯಾರದೋ ಕಾಲಿಗೆ ಸಿಕ್ಕಿ ಕಿತ್ತುಬಂದರೆ ಹೊರಗೆ ಲೋಡೇ ಇಲ್ಲ. ಆಗ ಪ್ರೈಮರಿಯಲ್ಲಿ ಏಳುವ ವೋಲ್ಟೇಜು ಕಾಗದ ಸುಟ್ಟು ಸುತ್ತಿನಿಂದ ಸುತ್ತಿಗೆ ಹಾರುತ್ತದೆ.

‘ಔಟ್‌ಪುಟ್ ಹೋಗಿದೆ’ ಎಂಬ ಮಾತನ್ನು ಮಾವ ಕಟ್ಟಕಡೆಗೆ ಆಡುತ್ತಿದ್ದರು. ಗಿರಾಕಿಯ ಮುಖ ಸಪ್ಪಗಾಗುವ ಮಾತು ಅದು. ಅದಕ್ಕೆ ಮುಂಚೆ ಸ್ಪೀಕರು, ವಾಲ್ವು, ಕಪ್ಲಿಂಗ್ ಕಂಡೆನ್ಸರು ಎಲ್ಲವನ್ನೂ ವಿಚಾರಿಸಿಕೊಳ್ಳಬೇಕು. ಶುರುವಾಗುತ್ತಿದ್ದದ್ದು ಕಿವಿಯಿಂದ. ಸೆಟ್ ಹಚ್ಚಿ, ದನಿಯೇ ಇಲ್ಲದ ರೇಡಿಯೊದ ಟ್ರಾನ್ಸ್‌ಫಾರ್ಮರ್ ಹತ್ತಿರ ತಲೆ ಬಾಗಿಸುತ್ತಿದ್ದರು. ಒಮ್ಮೊಮ್ಮೆ ಭದ್ರಾವತಿ ಆಕಾಶವಾಣಿಯ ವಾರ್ತೆ ಆ ಕಬ್ಬಿಣದೊಳಗಿಂದಲೇ ಸಣ್ಣಗೆ ಕೇಳುತ್ತಿತ್ತು! ನನಗೂ ಕೇಳಿಸಿದ್ದಾರೆ. ಹಾಗೆ ಕೋರಿನ ಕಬ್ಬಿಣದ ತಗಡುಗಳು, ಅಂದರೆ ಸ್ಟ್ಯಾಂಪಿಂಗುಗಳು, ತಾವೇ ನಡುಗಿ ಮಾತಾಡಿದರೆ ಪ್ರೈಮರಿ ಜೀವಂತವಾಗಿದೆ, ಕಡಿದಿರುವುದು ಸ್ಪೀಕರಿನ ಕಡೆ ಎಂದು ಲೆಕ್ಕ. ಕೂಡಲೇ ಸ್ವಿಚ್ ಆರಿಸುತ್ತಿದ್ದರು, ಲೋಡಿಲ್ಲದೆ ಹೆಚ್ಚು ಹೊತ್ತು ಬಿಡುವಂತಿಲ್ಲವಲ್ಲ.

ಅಲ್ಲೂ ಸದ್ದಿಲ್ಲದಿದ್ದರೆ ಕಣ್ಣಿನ ಸರದಿ. ಅಂಗಡಿಯ ಲೈಟು ಆರಿಸಿ ಇಎಲ್84ರ ಒಳಗೆ ನೋಡುವುದು. ಪ್ರೈಮರಿ ಕಡಿದರೆ ಪ್ಲೇಟಿಗೆ ಎಚ್‌ಟಿ ಬರುವುದಿಲ್ಲ, ಆದರೆ ಬೇರೆ ದಾರಿಯಿಂದ ಬರುವ ಸ್ಕ್ರೀನಿಗೆ ಬರುತ್ತದೆ. ಪ್ಲೇಟಿನ ಪಾಲಿನ ಕರೆಂಟನ್ನೂ ಎಳೆದುಕೊಳ್ಳಲು ಹೋಗಿ ಸ್ಕ್ರೀನ್ ಗ್ರಿಡ್ಡಿನ ತೆಳು ಸುರುಳಿ ಕೆಂಪಗಾಗಿರುತ್ತದೆ. ಅದನ್ನು ಕಂಡವರು ಸ್ವಿಚ್ಚಿಗೆ ಕೈ ಹಾಕಬೇಕು, ಇಲ್ಲದಿದ್ದರೆ ವಾಲ್ವೂ ಹೋಯಿತು. ಆಮೇಲೆ ಮೀಟರು. ವೋಲ್ಟೇಜು ನೋಡುವಾಗ ಬಲಗೈ ಷಾಸಿಯೊಳಗೆ, ಎಡಗೈ ಬೆನ್ನ ಹಿಂದೆ. ಎಡಗೈ ಜೇಬಿನಲ್ಲಿರಲಿ ಎಂದು ಪುಸ್ತಕದವರು ಬರೆಯುತ್ತಾರೆ. ಪಂಚೆ ಉಟ್ಟವರಿಗೆ ಜೇಬೆಲ್ಲಿ?

ಪೂರ್ತಿ ಕಡಿದದ್ದನ್ನು ಮೀಟರು ಹೇಳಿಬಿಡುತ್ತದೆ. ರೇಡಿಯೊದ ಪ್ರೈಮರಿ ಸಾಮಾನ್ಯವಾಗಿ ಮುನ್ನೂರರಿಂದ ಆರುನೂರು ಓಮ್ ತೋರಿಸಬೇಕು, ಮುಳ್ಳು ಅಲ್ಲಾಡದಿದ್ದರೆ ಮುಗಿಯಿತು. ಮೈಕ್ ಸೆಟ್ಟಿನದಾದರೆ ನಡುವೆ ಸೆಂಟರ್ ಟ್ಯಾಪ್. ಎರಡೂ ಅರ್ಧ ಹೆಚ್ಚುಕಡಿಮೆ ಒಂದೇ ಬರಬೇಕು. ಒಳಗಿನ ಅರ್ಧಕ್ಕಿಂತ ಹೊರಗಿನದು ತುಸು ಹೆಚ್ಚು ತೋರಿಸಿದರೆ ಗಾಬರಿಯಿಲ್ಲ, ಹೊರಗಿನ ಸುತ್ತು ದೊಡ್ಡದು, ತಂತಿ ಉದ್ದ.

ಕಷ್ಟ ಇರುವುದು ಶಾರ್ಟಾದ ಸುತ್ತಿನಲ್ಲಿ. “ಮೀಟರು ನಂಬಬೇಡ ಅಪ್ಪಿ. ಮೂರು ಸಾವಿರ ಸುತ್ತಲ್ಲಿ ನಾಕು ಸುತ್ತು ಒಂದಕ್ಕೊಂದು ತಾಗಿದ್ರೆ ಅದಕ್ಕೆಲ್ಲಿ ಗೊತ್ತಾಗ್ತದೆ?” ಎನ್ನುತ್ತಿದ್ದರು ಮಾವ. ಅದಕ್ಕೆ ಅವರ ಪರೀಕ್ಷೆಯೇ ಬೇರೆ. ಟ್ರಾನ್ಸ್‌ಫಾರ್ಮರಿನ ತಂತಿಗಳನ್ನೆಲ್ಲ ಬಿಡಿಸಿ, ಪ್ರೈಮರಿಯನ್ನು ಸೀರೀಸ್ ಬೋರ್ಡಿನ 40 ವಾಟ್ ಬಲ್ಬಿನ ಮೂಲಕ ಮೇನ್ಸಿಗೆ ಕೊಡುವುದು. ಒಳ್ಳೆಯದಾದರೆ ಬಲ್ಬು ಮಂಕಾಗಿ ಮಿಣುಕುತ್ತದೆ ಅಥವಾ ಅದೂ ಇಲ್ಲ. ಬಹಳ ಸುತ್ತು ತಾಗಿದ್ದರೆ ಬಲ್ಬು ಎದ್ದು ಉರಿಯುತ್ತದೆ, ಸ್ವಲ್ಪ ಹೊತ್ತಿಗೆ ಸುಟ್ಟ ವಾರ್ನಿಷಿನ ವಾಸನೆ.

ಹೀಗೆ ತೀರ್ಮಾನವಾದ ಔಟ್‌ಪುಟ್ ಕಾಗದದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಶಿವಮೊಗ್ಗದ ವೈಂಡಿಂಗ್ ಸಾಬರಿಗೆ ಹೋಗುತ್ತಿತ್ತು. ಅವರು ರಿಪೇರಿಯವರಲ್ಲ, ಸಂಗೀತ ಕೇಳುವವರೂ ಅಲ್ಲ. ಆದರೆ ನಿಜವಾದ ವಿದ್ಯೆ ಅವರ ಕೈಯಲ್ಲಿತ್ತೆಂದು ನನಗೆ ಈಗ ಅನ್ನಿಸುತ್ತದೆ. ಸ್ಟ್ಯಾಂಪಿಂಗುಗಳನ್ನು ಒಂದೊಂದೇ ಎಬ್ಬಿಸಿ, ಬಾಬಿನನ್ನು ಕೈಮಿಷನ್ನಿಗೆ ಹಾಕಿ, ಹಳೆಯ ತಂತಿಯನ್ನು ಹಿಂದಕ್ಕೆ ಬಿಚ್ಚುತ್ತ ಎಣಿಸುತ್ತಿದ್ದರು. ಎಷ್ಟು ಸುತ್ತಿಗೆ ಸ್ಪೀಕರಿನ ಕಡೆಯ ಸುರುಳಿಯಾದ ಸೆಕೆಂಡರಿ ಬಂತು, ಆಮೇಲೆ ಮತ್ತೆ ಎಷ್ಟು ಪ್ರೈಮರಿ, ನಡುವೆ ಯಾವ ಕಾಗದ, ಯಾವ ಗೇಜು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ. ಇಎಲ್84ಕ್ಕೆ ಸುಮಾರು 5,000 ಓಮ್ ಲೋಡು ಬೇಕು, ಸ್ಪೀಕರು 4 ಓಮ್. ಸೆಕೆಂಡರಿಯ ಒಂದು ಸುತ್ತಿಗೆ ಪ್ರೈಮರಿಯಲ್ಲಿ 35 ಸುತ್ತಿದ್ದರೆ ಲೆಕ್ಕ ಸರಿಹೋಗುತ್ತದೆ. ಈ ವರ್ಗಮೂಲದ ಗಣಿತ ಅವರಿಗೆ ಬೇಕಾಗಿರಲಿಲ್ಲ, ನೋಟ್‌ಬುಕ್ಕೇ ಇತ್ತು.

ಜೋಡಿಸುವಾಗಲೂ ಕಣ್ಣಿಡಬೇಕಾದ ವಿಷಯವೊಂದಿದೆ. ಒಂದೇ ವಾಲ್ವಿನ ರೇಡಿಯೊದಲ್ಲಿ ಸುರುಳಿಯೊಳಗೆ ಸದಾ ಡಿಸಿ ಹರಿಯುವುದರಿಂದ ಇ ಆಕಾರದ ಸ್ಟ್ಯಾಂಪಿಂಗುಗಳೆಲ್ಲ ಒಂದು ಕಡೆ, ಐ ಆಕಾರದವೆಲ್ಲ ಇನ್ನೊಂದು ಕಡೆ, ನಡುವೆ ಕಾಗದದಷ್ಟು ಗ್ಯಾಪ್ ಬಿಡಬೇಕು. ಎರಡು ವಾಲ್ವಿನ ಮೈಕ್ ಸೆಟ್ಟಿನದಕ್ಕೆ ಗ್ಯಾಪ್ ಬೇಡ, ಅಡಕಲಾಗಿ ಹೆಣೆಯಬೇಕು. ಗ್ಯಾಪ್ ಮರೆತರೆ ಕೋರು ತುಂಬಿಹೋಗಿ ಮೃದಂಗದ ದಪ್ಪ ದನಿಯೇ ಮಾಯ.

ಆಮೇಲೆ ಬಂದ ಟ್ರಾನ್ಸಿಸ್ಟರ್ ಆ್ಯಂಪ್ಲಿಫೈಯರುಗಳಲ್ಲಿ ಹೆಚ್ಚಿನವು ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೇ ಬಿಟ್ಟುಬಿಟ್ಟವು. ಅರವತ್ತರ ದಶಕದಲ್ಲಿ ವಾಲ್ವ್ ಮಾಡತೊಡಗಿದ ಜಾಲಹಳ್ಳಿಯ ಬಿಇಎಲ್ ಕೂಡ ಆ ಕೆಲಸ ನಿಲ್ಲಿಸಿ ಬಹಳ ಕಾಲವಾಯಿತು. ಅವರ ಇಎಲ್84ನ್ನು ಈಗ ಹೊರದೇಶದ ಗಿಟಾರಿನವರು ಹುಡುಕಿ ಕೊಳ್ಳುತ್ತಾರೆ. ವೈಂಡಿಂಗ್ ಅಂಗಡಿಗಳೇನೂ ಮುಚ್ಚಿಲ್ಲ. ಬೋರ್‌ವೆಲ್ ಪಂಪಿನ ಮೋಟಾರು ಸುಡುವ ತನಕ ಅವುಗಳಿಗೆ ಕೆಲಸಕ್ಕೆ ಬರವೂ ಇಲ್ಲ. ಅಲ್ಲಿನ ಹುಡುಗರ ಕೈ ಚುರುಕು, ತಾಮ್ರ ಚೆನ್ನಾಗಿ ಗೊತ್ತು. ಆದರೆ ಪದರಕ್ಕೆ ಕಾಗದ ಹಾಸಿ, ಎಣಿಕೆ ತಪ್ಪದೆ ಸಾವಿರಗಟ್ಟಲೆ ಸುತ್ತು ಹಾಕುವ ಹೊತ್ತಿನಲ್ಲಿ ಅವರು ಎರಡು ಮೋಟಾರು ಮುಗಿಸುತ್ತಾರೆ. ಒಲ್ಲೆನೆಂದರೆ ದೂರುವುದು ಹೇಗೆ?

ಮಾವನ ದೊಡ್ಡ ಸೆಟ್ಟು ಈಗ ನನ್ನಲ್ಲಿದೆ. ಪ್ರೈಮರಿಯ ಒಂದು ಅರ್ಧ 78 ಓಮ್, ಇನ್ನೊಂದು ಅರ್ಧಕ್ಕೆ ಮೀಟರಿನ ಮುಳ್ಳೇ ಅಲ್ಲಾಡುವುದಿಲ್ಲ. ಸಾಬರ ನೋಟ್‌ಬುಕ್ಕು ಅಂಗಡಿ ಖಾಲಿ ಮಾಡುವಾಗ ರದ್ದಿಗೆ ಹೋಯಿತಂತೆ. ಕೆನಡಾದ ಹ್ಯಾಮಂಡ್ ಕಂಪನಿ ಇಂಥವನ್ನು ಇಂದಿಗೂ ಮಾಡುತ್ತದೆ, ಆದರೆ ಸಾಗಾಣಿಕೆ, ಸುಂಕ ಎಲ್ಲ ಸೇರಿದರೆ ಸೆಟ್ಟಿನ ಬೆಲೆ ದಾಟುತ್ತದೆ. ಹಾರ್ನಿಗೆ ಬೇಕಾದ 100 ವೋಲ್ಟ್ ಲೈನಿನ ಟ್ಯಾಪೂ ನನಗೆ ಬೇಕು. ಅಂಗಡಿಯೊಂದರ ಹುಡುಗ ಒಳಗಿನದನ್ನೆಲ್ಲ ಕಿತ್ತು ಬ್ಲೂಟೂತ್ ಬೋರ್ಡ್ ಕೂರಿಸಿಕೊಡುತ್ತೇನೆಂದ, ಪ್ರೀತಿಯಿಂದಲೇ. ಬೇಡವೆಂದೆ. ಸ್ಟ್ಯಾಂಪಿಂಗುಗಳು ತುಕ್ಕು ಹಿಡಿದಿಲ್ಲ, ಸೆಕೆಂಡರಿ ಸರಿಯಿದೆ, ಹಳೆಯ ತಂತಿಯನ್ನು ಬಿಚ್ಚದೆ ಹಾಗೇ ಇಟ್ಟಿದ್ದೇನೆ. ಎಣಿಸಿ ಸುತ್ತುವವರು ಯಾರಾದರೂ ಇದ್ದಾರೆಂದು ತಿಳಿದರೆ ಹೊತ್ತುಕೊಂಡು ಹೋಗುವುದು ನನ್ನ ಜವಾಬ್ದಾರಿ.